ಗಿರಾಕಿಯ ಹೆಸರು

"ಬಾನ್ ಯಜಮಾನ್ರೇ, ನೀವು ಪೆಟ್ಟಿಗೆ ಹೊರೋರು. ಪೆಟ್ಟಿಗೆ ಹೊರೋಕೆ ಕತ್ತೆ ಆದ್ರೂ ಸಾಕು. ಆದ್ರೆ ಕತ್ತೆ ಎದ್ದು ನಿಂತು, ಇದ್ರಲ್ಲಿ ನನ್ನ ಪಾಲೆಷ್ಟು ಅಂತ ಕೇಳಲ್ಲ."

ಕಂಪ್ಯೂಟರ್ ಕಂಪನಿಯ ಮಾರಾಟ ಅಧಿಕಾರಿ ತಾಕ್ ಇದನ್ನು ಮೈಕಿನಲ್ಲಿ ಹೇಳಿದ. ಹೇಳುವಾಗ ಅವನ ಮುಖದಲ್ಲಿ ಕೋಪವಾಗಲೀ ತಿರಸ್ಕಾರವಾಗಲೀ ಇರಲಿಲ್ಲ. ಮದುವೆಮನೆಯಲ್ಲಿ ಭಾವಮೈದುನನನ್ನು ಛೇಡಿಸುವವನ ಹಾಗೆ ಸಣ್ಣಗೆ ನಗುತ್ತಿದ್ದ. ದುಂಡು ಮೇಜುಗಳ ಸುತ್ತ ಕುಳಿತಿದ್ದ ಅಂಗಡಿ ಯಜಮಾನರೆಲ್ಲ ನಗಬಹುದೆಂದು ಯಾರೋ ಅಪ್ಪಣೆ ಕೊಟ್ಟ ಹಾಗೆ ಒಟ್ಟಿಗೇ ನಕ್ಕರು. ಬಾನ್ ಜುನ್ಮೊ ಇನ್ನೂ ನಿಂತೇ ಇದ್ದ. ಪ್ರಶ್ನೆ ಕೇಳಲೆಂದು ಅವನ ಕೈಗೆ ಕೊಟ್ಟಿದ್ದ ಮೈಕು ಅವನ ಕೈಯಲ್ಲೇ ಇತ್ತು, ಅದನ್ನು ವಾಪಸು ಇಸಿದುಕೊಳ್ಳಲು ಬಂದ ಹುಡುಗಿ ಎರಡೂ ಕೈ ಚಾಚಿ ನಿಂತಿದ್ದಳು, ಅವಳ ಮುಖದಲ್ಲೂ ನಗುವಿತ್ತು, ಆದರೆ ಅವಳು ಬೆಳಗಿನಿಂದಲೂ ಹಾಗೇ ನಗುತ್ತಿದ್ದಳಾದ್ದರಿಂದ ಅದು ತನ್ನನ್ನು ಕುರಿತ ನಗೆಯೋ ಅಲ್ಲವೋ ಅವನಿಗೆ ಗೊತ್ತಾಗಲಿಲ್ಲ. ಅವನು ಕೇಳಿದ್ದಾದರೂ ಏನು? ಗಿರಾಕಿ ತಿಂಗಳು ತಿಂಗಳೂ ನೇರವಾಗಿ ಕಂಪನಿಗೇ ಕ್ಲೌಡಿನ ಬಾಡಿಗೆ ಕಟ್ಟುವುದಾದರೆ, ಆ ಗಿರಾಕಿಯನ್ನು ಹುಡುಕಿ, ಸಾಕಿ, ಭಾನುವಾರ ಫೋನು ಮಾಡಿದರೂ ಓಡಿಹೋಗಿ ಕೇಬಲ್ಲು ಸಿಕ್ಕಿಸಿ ಬಂದ ನಮಗೇನು ಉಳಿಯುತ್ತದೆ ಎಂದು ಕೇಳಿದ್ದ. ಕೇಳುವ ಮುಂಚೆ ಮನಸ್ಸಿನಲ್ಲಿ ಮೂರು ಸಲ ಜೋಡಿಸಿಕೊಂಡಿದ್ದ. ಆದರೂ ಬಾಯಿಂದ ಹೊರಬರುವಾಗ ಅದು ಸಂತೆಯಲ್ಲಿ ಚಿಲ್ಲರೆಗೆ ಜಗಳ ಆಡುವವನ ಮಾತಿನ ಹಾಗೇ ಕೇಳಿಸಿತ್ತು. ಹುಡುಗಿಗೆ ಮೈಕು ಕೊಟ್ಟು ಕುಳಿತ. ಕುಳಿತೊಡನೆ ಮೂಗಿಗೆ ಆ ನಾತ ಬಡಿಯಿತು. ಬೆಳಿಗ್ಗೆ ಬೀದಿಯಲ್ಲಿ ಉದುರಿದ ಗಿಂಕೊ ಹಣ್ಣನ್ನು ತುಳಿದಿದ್ದ. ವಾಂತಿಯ ಹಾಗೆ ನಾರುವ ಆ ತಿರುಳು ಬೂಟಿನ ಅಡಿಯ ಗೀರುಗಳಲ್ಲಿ ಕೂತು ಈಗ ಹೋಟೆಲಿನ ಮೆತ್ತನೆಯ ರತ್ನಗಂಬಳಿಗೆ ಇಳಿಯುತ್ತಿತ್ತು. ಮೇಜಿನಲ್ಲಿದ್ದವರಿಗೆಲ್ಲ ಬಂದಿರಬೇಕು. ಯಾರೂ ಹೇಳುತ್ತಿಲ್ಲ. ಎರಡೂ ಪಾದಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡ.

"ತಮಾಷೆಗೆ ಅಂದೆ, ಬಾನ್ ಯಜಮಾನ್ರು ನಮ್ಮೋರೇ," ಎಂದ ತಾಕ್ ವೇದಿಕೆಯಿಂದ. "ಆದ್ರೆ ನೋಡಿ, ಈ ಬುದ್ಧೀನೇ ಹೊರಗಿನ ಜನ ಯೊಂಗ್‌ಪರಿ ಬುದ್ಧಿ ಅನ್ನೋದು. ಅದನ್ನ ಇವತ್ತು ಈ ಬಾಗಿಲ ಹೊರಗೆ ಬಿಟ್ಟು ಒಳಗೆ ಬರಬೇಕಿತ್ತು ನಾವೆಲ್ಲ."

ಈ ಸಲ ನಗು ಬರಲಿಲ್ಲ. ಯೊಂಗ್‌ಸಾನ್ ಮಾರುಕಟ್ಟೆಯಲ್ಲಿ ಅಂಗಡಿ ಇಟ್ಟವನನ್ನು, ಅವನು ಎಂಥ ಸತ್ಯಹರಿಶ್ಚಂದ್ರನಾಗಿದ್ದರೂ, ಸಿಯೋಲ್ ಪಟ್ಟಣದ ಜನ ಕರೆಯುವುದು ಆ ಹೆಸರಿನಿಂದಲೇ: ಯೊಂಗ್‌ಪರಿ, ಹಳೇ ಸಾಮಾನನ್ನು ಹೊಸದೆಂದು ದಾಟಿಸುವವನು, ಕೊಳ್ಳದೆ ಹೊರಟವನ ತೋಳು ಹಿಡಿಯುವವನು. ತಾಕ್ "ನಾವೆಲ್ಲ" ಎಂದು ತನ್ನನ್ನೂ ಸೇರಿಸಿಕೊಂಡದ್ದು ಆ ಮಾತಿನ ವಿಷವನ್ನು ಇಳಿಸಲೆಂದೇ, ಆದರೆ ಜುನ್ಮೊಗೆ ಅದರಿಂದ ಇನ್ನೂ ಉರಿಯಿತು. ಉರಿದದ್ದು ಅದು ಸುಳ್ಳು ಎಂದಲ್ಲ. ಶಾಲೆ ಬಿಟ್ಟು ಈ ಬೀದಿಗೆ ಬಂದ ಹೊಸದರಲ್ಲಿ ಮೆಟ್ಟಿಲ ಬಾಯಲ್ಲಿ ನಿಂತು, ಏನು ಹುಡುಕ್ತಿದ್ದೀರಿ, ಏನು ಹುಡುಕ್ತಿದ್ದೀರಿ, ಎಷ್ಟಕ್ಕೆ ಬೇಕು ಹೇಳಿ ಎಂದು ಕೂಗುತ್ತಿದ್ದ ತನ್ನ ಸ್ವರ ಅವನಿಗೆ ಈಗಲೂ ಕೇಳುತ್ತದೆ. ರಜೆಯ ಮೇಲೆ ಬಂದಿದ್ದ ಒಬ್ಬ ಸಿಪಾಯಿ, ಬೋಳಿಸಿದ ತಲೆ, ತಂಗಿಗೆಂದು ಲ್ಯಾಪ್‌ಟಾಪು ಕೇಳಿದ್ದ. ಕೀಲಿಮಣೆಯ ಮೇಲಿನ ಸವೆತವನ್ನು ಬಣ್ಣ ಹಚ್ಚಿ ಮುಚ್ಚಿದ್ದ ಒಂದನ್ನು ಜುನ್ಮೊ ಅವನ ಕೈಗಿಟ್ಟಿದ್ದ. ಸಿಪಾಯಿ ಅದನ್ನು ಬೆರಳಿನಿಂದ ಸವರಿ, ಹೊಸದರ ವಾಸನೇನೇ ಬೇರೆ ಅಲ್ವಾ ಎಂದಿದ್ದ. ಆ ಮಾತನ್ನು ಅವನು ಅನುಮಾನದಿಂದ ಹೇಳಿದನೋ ಸಂತೋಷದಿಂದಲೋ ಎಂಬುದು ಇವತ್ತಿಗೂ ಜುನ್ಮೊಗೆ ತಿಳಿದಿಲ್ಲ. ಹಾಗಾದರೆ ಬಯ್ಯಲಿ. ಆ ಸಿಪಾಯಿ ಬಂದು ಬಯ್ಯಲಿ, ಕೆನ್ನೆಗೆ ಹೊಡೆಯಲಿ. ಈ ತಾಕ್ ಯಾವನು? ಈ ತಾಕ್ ಕಂಪನಿಗೆ ಸೇರಿದ ಹೊಸದರಲ್ಲಿ, ಮೂರು ತಿಂಗಳ ಲೆಕ್ಕ ಮುಗಿಯುವ ಕೊನೆಯ ವಾರ ಬಂತೆಂದರೆ ಮಾರುಕಟ್ಟೆಯ ಓಣಿಯಲ್ಲಿ ಅಳುಮುಖ ಹೊತ್ತು ಅಂಗಡಿ ಅಂಗಡಿ ತಿರುಗುತ್ತಿದ್ದ. ಅಣ್ಣಾ, ಇಷ್ಟು ಪೆಟ್ಟಿಗೆ ಇಳಿಸ್ಕೊಳ್ಳಿ ಅಣ್ಣಾ, ಇಲ್ಲಾಂದ್ರೆ ಮೇಲಿನೋರು ನನ್ನ ತಲೆ ತೆಗೀತಾರೆ, ಮುಂದಿನ ಸಲ ನೋಡ್ಕೋತೀನಿ ಎನ್ನುತ್ತಿದ್ದ. ಬೇಡದ ಪ್ರಿಂಟರುಗಳನ್ನು ಇಳಿಸಿಕೊಂಡು, ಕೂರಲು ಜಾಗವಿಲ್ಲದೆ ಅವುಗಳ ಮೇಲೇ ಕೂತು ಊಟ ಮಾಡಿದ್ದಾನೆ ಜುನ್ಮೊ. ಆಗ ಪೆಟ್ಟಿಗೆ ಬೇಕಾಗಿತ್ತು. ಹೊರುವವನೂ ಬೇಕಾಗಿದ್ದ.

ಪರದೆಯ ಮೇಲೆ ಮುಂದಿನ ಚಿತ್ರ ಬಂತು. ಕೆಳಗಿಳಿಯುವ ಕೆಂಪು ಗೆರೆ, ಪೆಟ್ಟಿಗೆ ಮಾರುವವರ ಲಾಭ. ಮೇಲೇರುವ ಹಸಿರು ಗೆರೆ, ಕ್ಲೌಡಿನ ಬಾಡಿಗೆ. ಇನ್ನು ಯಾವ ಕಚೇರಿಯೂ ಮೂಲೆಯ ಬೀರುವಿನಲ್ಲಿ ಸರ್ವರ್ ಇಟ್ಟುಕೊಂಡು ಅದರ ಬಿಸಿ, ಧೂಳು, ಗದ್ದಲ ಸಹಿಸುವುದಿಲ್ಲ, ಎಲ್ಲವೂ ಕಂಪನಿಯ ದೊಡ್ಡ ಯಂತ್ರಶಾಲೆಗಳಲ್ಲಿ ಇರುತ್ತದೆ, ಗಿರಾಕಿ ನಲ್ಲಿ ತಿರುಗಿಸಿ ನೀರು ಹಿಡಿದ ಹಾಗೆ ಹಿಡಿದುಕೊಳ್ಳುತ್ತಾನೆ ಎಂದು ತಾಕ್ ವಿವರಿಸುತ್ತಿದ್ದ. ಅಂಗಡಿಯವರಿಗೆ ಇದು ಅವಕಾಶಗಳ ಕಾಲ. ಸಲಹೆಗಾರರಾಗಿ. ತರಬೇತಿ ತಗೊಳ್ಳಿ, ಪರೀಕ್ಷೆ ಕಟ್ಟಿ, ಪ್ರಮಾಣಪತ್ರ ಗೋಡೆಗೆ ಹಾಕಿ. ಪರೀಕ್ಷೆ ಎಂಬ ಮಾತು ಬಂದಾಗ ಜುನ್ಮೊ ಕಣ್ಣು ತಗ್ಗಿಸಿದ. ಮುಂದಿನ ಸಾಲಿನಲ್ಲಿ ಯಾರೋ ನೋಟ್ಸ್ ಬರೆದುಕೊಳ್ಳುತ್ತಿದ್ದರು, ಪೆನ್ನಿನ ಆ ಸದ್ದು, ಹಾಳೆ ತಿರುವುವ ಆ ಸದ್ದು, ಬೆನ್ನ ಹಿಂದೆ ಮೇಷ್ಟರು ಬಂದು ನಿಂತ ಹಾಗೆ. ಆಮೇಲೆ ತಾಕ್, ಈಗ ಒಂದು ಗೆದ್ದ ಕತೆ ತೋರಿಸ್ತೀನಿ ಎಂದ. ಒಂದು ಗಣಿತ ಪಾಠಶಾಲೆ, ಶಾಲೆ ಮುಗಿದ ಮೇಲೆ ಮಕ್ಕಳು ಹೋಗುವಂಥದ್ದು, ಊರಲ್ಲಿ ಹಲವು ಶಾಖೆ. ಅವರ ಸರ್ವರ್ ಮುದಿಯಾಗಿತ್ತು. ಅವರ ಅಂಗಡಿಯವ ಇನ್ನೊಂದು ಸರ್ವರ್ ಮಾರೋಕೆ ಕಾಯ್ತಿದ್ದ. ನಮ್ಮವರು ಅದಕ್ಕೆ ಮೊದಲೇ ಫೋನ್ ಮಾಡಿದರು. ಪರದೆಯಲ್ಲಿ ಹೆಸರಿರಲಿಲ್ಲ. ಪಾಠಶಾಲೆಯ ಮುಂಗೋಣೆಯ ಚಿತ್ರವಿತ್ತು. ಗಾಜಿನ ಮೇಜು, ಗೋಡೆಗೆ ಒರಗಿದ ಉದ್ದನೆಯ ಮೀನಿನ ತೊಟ್ಟಿ, ತೊಟ್ಟಿಯೊಳಗೆ ಪ್ಲಾಸ್ಟಿಕ್ಕಿನ ಕೆಂಪು ಸೇತುವೆ, ಸೇತುವೆಯ ಒಂದು ಕಂಬ ಮುರಿದು ಓರೆಯಾಗಿತ್ತು.

ಆ ಕಂಬವನ್ನು ಮುರಿದವನು ಜುನ್ಮೊ. ನೀರು ಸೋರಿದರೆ ಸರ್ವರಿಗೆ ತಾಗೀತೆಂದು ಬೀರುವನ್ನು ಒಂದು ಗೇಣು ಮೇಲೆತ್ತಿ ಹಲಗೆಯ ಮೇಲೆ ಕೂರಿಸುವಾಗ ಮೊಣಕೈ ತಗುಲಿತ್ತು.

ಪಕ್ಕದಲ್ಲಿ ಕುಳಿತಿದ್ದ ಮೆಂಗ್ ಕೊರಳು ಉದ್ದ ಮಾಡಿ ಪರದೆ ನೋಡಿದ. ಮೆಂಗ್‌ನದು ಮಾರುಕಟ್ಟೆಯಲ್ಲಿ ಜುನ್ಮೊನ ಅಂಗಡಿಗೆ ಅಂಟಿಕೊಂಡ ಅಂಗಡಿ. ಐವತ್ತು ದಾಟಿದವನು, ಬಾಯಿ ಸುಮ್ಮನಿರದವನು, ಜುನ್ಮೊಗೆ ತಂತಿ ಸುಲಿಯುವುದರಿಂದ ಹಿಡಿದು ಗಿರಾಕಿಯ ಎದುರು ಮೌನವಾಗಿರುವುದರವರೆಗೆ ಎಲ್ಲವನ್ನೂ ಕಲಿಸಿದವನು.

"ಆ ತೊಟ್ಟಿ ಎಲ್ಲೋ ನೋಡಿದ ಹಾಗಿದೆಯಲ್ಲೋ," ಎಂದ ಪಿಸುದನಿಯಲ್ಲಿ.

"ಊರ ತುಂಬ ಅಂಥವು ಇವೆ ಅಣ್ಣ."

ಮೆಂಗ್ ಅವನ ಮುಖ ನೋಡಿದ. ನೋಡಿ, ಪರದೆಯ ಕಡೆ ತಿರುಗಿ, ಮೇಜಿನ ಮೇಲಿದ್ದ ಪೆಪ್ಪರಮೆಂಟಿನ ಕಾಗದ ಬಿಡಿಸುತ್ತ, "ಸರಿ ಬಿಡು. ನನಗಂತೂ ದಾರಿ ಮರೆತುಹೋಗಿದೆ," ಎಂದ.

ದಾರಿ ಮರೆತೆ ಎನ್ನುವುದು ಮಾರುಕಟ್ಟೆಯ ಮರ್ಯಾದೆಯ ಮಾತು. ಅಲ್ಲಿ ಗಿರಾಕಿಯ ಹೆಸರನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ತನ್ನಲ್ಲಿಲ್ಲದ ಸಾಮಾನನ್ನು ಪಕ್ಕದ ಅಂಗಡಿಯಿಂದ ಎತ್ತಿಕೊಂಡು ಹೋಗುವಾಗಲೂ, ಎಲ್ಲಿಗೆ ಎಂದು ಅವನು ಕೇಳುವುದಿಲ್ಲ, ಇವನು ಹೇಳುವುದಿಲ್ಲ; ವಿಳಾಸದ ಚೀಟಿಯನ್ನು ವ್ಯಾನಿನೊಳಗೆ ಕೂತ ಮೇಲೇ ಅಂಟಿಸುವುದು. ಹೇಳಲೇಬೇಕಾದರೆ ಅಡ್ಡಹೆಸರು. ದಂತವೈದ್ಯ ಹಲ್ಲುನೋವು, ವಕೀಲರ ಕಚೇರಿ ಕರಿಕೋಟು, ಮೊಕ್ದೊಂಗ್ ಬಡಾವಣೆಯ ಓಕ್ ಗಣಿತ ಪಾಠಶಾಲೆ ದೊಡ್ಡಮ್ಮನ ಮನೆ. ಹೋದ ಬೇಸಗೆಯಲ್ಲಿ ಜುನ್ಮೊ ಮೂತ್ರಪಿಂಡದ ಕಲ್ಲಿನ ನೋವಿನಿಂದ ಆಸ್ಪತ್ರೆಯಲ್ಲಿ ಮಗ್ಗುಲು ಬದಲಿಸಲಾರದೆ ಬಿದ್ದಿದ್ದಾಗ ದೊಡ್ಡಮ್ಮನ ಮನೆಯ ಸರ್ವರ್ ನಿಂತುಹೋಯಿತು. ಮೆಂಗ್ ಹೋಗಿ ಸರಿಮಾಡಿ ಬಂದ. ಬಂದವನು ಹಾಸಿಗೆಯ ಪಕ್ಕ ನಿಂತು, ಸೇಬಿನ ಚೀಲ ಇಟ್ಟು, ಕೆಲಸ ಆಯ್ತು ಕಣೋ, ದಾರಿ ಮರೆತೆ ಎಂದ. ಬೇರೆ ಅಂಗಡಿಯವನ ಗಿರಾಕಿಯನ್ನು ನೋಡಿ ಬಂದವನು ಹಾಗೆ ಹೇಳಲೇಬೇಕು, ಹೇಳಿದ ಮೇಲೆ ಅದು ಆಣೆ ಇಟ್ಟ ಹಾಗೆ. ಜುನ್ಮೊ ಕಣ್ಣಲ್ಲಿ ನೀರು ತಂದುಕೊಂಡು ಅವನ ಕೈ ಹಿಡಿದಿದ್ದ. ಹಿಡಿದ ಕೈ ಬಿಡುವ ಮೊದಲೇ ಮನಸ್ಸಿನ ಒಂದು ಮೂಲೆ ಲೆಕ್ಕ ಹಾಕಿತ್ತು: ಮೆಂಗ್ ಅಣ್ಣನ ಅಂಗಡಿ ಈ ವರ್ಷ ಒಣಗಿದೆ. ದೊಡ್ಡಮ್ಮನ ಸರ್ವರ್ ಮುದಿಯಾಗಿರುವುದನ್ನು ಅವನು ಕಣ್ಣಾರೆ ನೋಡಿ ಬಂದಿದ್ದಾನೆ. ಮಾತಾಡಿ ಮಾತಾಡಿ ಜನರನ್ನು ಗೆಲ್ಲುವವನು.

ಹಾಗೆ ಅವನು ಕಂಪನಿಯ ಜಾಲತಾಣ ತೆರೆದದ್ದು. ಗಿರಾಕಿ ನೋಂದಣಿ ಎಂದು ಅದರ ಹೆಸರು. ಯಾವ ಅಂಗಡಿಯವನು ಮೊದಲು ಗಿರಾಕಿಯ ಹೆಸರು ಬರೆದು ನೋಂದಾಯಿಸುತ್ತಾನೋ ಅವನಿಗೆ ವಿಶೇಷ ದರ. ಬೇರೆ ಯಾವ ಅಂಗಡಿಯವನು ಆ ಗಿರಾಕಿಯ ಹತ್ತಿರ ಹೋದರೂ ಅವನಿಗೆ ಆ ದರ ಸಿಗುವುದಿಲ್ಲ. ನಿಮ್ಮ ಗಿರಾಕಿಗೆ ನಾವು ಬೇಲಿ ಹಾಕಿಕೊಡ್ತೀವಿ ಎಂದು ತಾಕ್ ಹೇಳುತ್ತಿದ್ದ. ಮಾರುಕಟ್ಟೆಯ ಹಳಬರು ಅದನ್ನು ಮುಟ್ಟುತ್ತಿರಲಿಲ್ಲ. ಮೆಂಗ್ ಅಂತೂ, ಹೆಂಡತಿ ಫೋನ್ ನಂಬರು ಬೇಕಾದ್ರೆ ಕೊಡ್ತೀನಿ, ಗಿರಾಕೀದು ಕೊಡಲ್ಲ ಎಂದು ನಗಾಡುತ್ತಿದ್ದ. ಜುನ್ಮೊ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು, ಪಕ್ಕದಲ್ಲಿ ಮೆಂಗ್ ಯಾರಿಗೋ ತಮಾಷೆ ಹೇಳುತ್ತಿರುವುದು ಗೋಡೆಯಾಚೆಯಿಂದ ಕೇಳಿಸುತ್ತಿರುವಾಗಲೇ, ಬರೆದ. ಗಿರಾಕಿಯ ಹೆಸರು. ತೀರ್ಮಾನ ಮಾಡುವವರ ಹೆಸರು, ಅವರ ಸ್ವಂತ ನಂಬರು. ಎಷ್ಟು ಶಾಖೆ. ಎಷ್ಟು ಕಂಪ್ಯೂಟರು. ಸರ್ವರಿನ ಆಯಸ್ಸು ಯಾವ ತಿಂಗಳಿಗೆ ಮುಗಿಯುತ್ತದೆ. ಒಂದೊಂದು ಖಾನೆ ತುಂಬುವಾಗಲೂ ಅವನಿಗೆ ಭಯದ ಜೊತೆ ಒಂದು ಹೀನ ಸಂತೋಷವೂ ಆಗಿತ್ತು, ಪರೀಕ್ಷೆಯಲ್ಲಿ ಎಲ್ಲ ಪ್ರಶ್ನೆಗೂ ಉತ್ತರ ಗೊತ್ತಿದ್ದವನಿಗೆ ಆಗುವಂಥದ್ದು, ಅವನಿಗೆ ಶಾಲೆಯಲ್ಲಿ ಎಂದೂ ಆಗದಿದ್ದದ್ದು. ಬೇಲಿ ಹಾಕಿಸಿಕೊಂಡ. ಮೆಂಗ್‌ನಂಥವನು ನುಗ್ಗದಿರಲಿ ಎಂದು. ಬೇಲಿ ಹಾಕುವವನೇ ಒಳಗೆ ನಿಂತು ಹಾಕುತ್ತಿದ್ದಾನೆಂಬುದು ಅವನ ದಡ್ಡ ತಲೆಗೆ ಹೊಳೆಯಲಿಲ್ಲ.

ಊಟದ ಹೊತ್ತಿಗೆ ಎಲ್ಲರೂ ತಟ್ಟೆ ಹಿಡಿದು ಸಾಲು ನಿಂತರು. ಬೆಳ್ಳಿ ಮುಚ್ಚಳಗಳ ಕೆಳಗೆ ಹಂದಿಯ ಪಕ್ಕೆ, ಸೀಗಡಿ, ಹೆಸರು ಗೊತ್ತಿಲ್ಲದ ಸೊಪ್ಪುಗಳು. ಈ ಹೋಟೆಲು ನಿಂತಿರುವ ಜಾಗದಲ್ಲಿ ಹಿಂದೆ ಇದ್ದ ಕಟ್ಟಡದ ನೆಲಮಾಳಿಗೆಯಲ್ಲಿ ಜುನ್ಮೊ ಮೊದಲ ಕೆಲಸಕ್ಕೆ ನಿಂತದ್ದು. ಈಗ ಸೀಗಡಿ ಇಟ್ಟಿರುವ ಕಡೆಗೆ ಸರಿಯಾಗಿ ಕೆಳಗೆ, ಅವನ ಲೆಕ್ಕದಲ್ಲಿ, ಮಾನಿಟರುಗಳನ್ನು ಪೇರಿಸುತ್ತಿದ್ದ ಮೂಲೆ ಇರಬೇಕು. ಮುಚ್ಚಿದ ಪೆಟ್ಟಿಗೆಯನ್ನು ಎತ್ತಿದರೆ ಸಾಕು, ಒಳಗೇನಿದೆ ಎಂದು ಹೇಳಬಲ್ಲವನಾಗಿದ್ದ ಆಗ. ಆ ವಿದ್ಯೆಗೆ ಗೋಡೆಗೆ ಹಾಕಲು ಪ್ರಮಾಣಪತ್ರವಿಲ್ಲ. ಸಾಲಿನಲ್ಲಿ ಮುಂದಿದ್ದವರು ತನ್ನನ್ನು ನೋಡಿ ಮಾತು ನಿಲ್ಲಿಸಿದರೆಂದು ಅವನಿಗನ್ನಿಸಿತು. ಒಬ್ಬ, ಪರಿಚಯದವನೇ, ಬೆನ್ನು ತಟ್ಟಿ, ತಾಕ್ ಬಾಯಿ ಗೊತ್ತಲ್ಲ, ಮನಸ್ಸಿಗೆ ಹಚ್ಕೋಬೇಡ ಎಂದ. ಆ ತಟ್ಟಿದ ಕೈಯನ್ನು ಕಚ್ಚಬೇಕೆನ್ನಿಸಿತು. ತಾಕ್ ಕೂಡ ಬಂದ. ಜುನ್ಮೊನ ತಟ್ಟೆಗೆ ತಾನೇ ಒಂದು ಪಕ್ಕೆ ಎಳೆದು ಹಾಕಿ, ನಿಮ್ಮ ನೋಂದಣಿ ನಮಗೆ ತುಂಬ ಉಪಯೋಗ ಆಯ್ತು ಯಜಮಾನ್ರೇ, ಹಾಗೆ ಇನ್ನಷ್ಟು ಬರೀರಿ, ಬರೆದೋರಿಗೆ ವರ್ಷದ ಕೊನೇಲಿ ಏನಾದರೂ ಮಾಡೋಣ ಎಂದು ಕಿವಿಯ ಹತ್ತಿರ ಹೇಳಿ ಮುಂದೆ ಹೋದ. ವೇದಿಕೆಯ ಬೈಗುಳ ಜೋರಾಗಿತ್ತು, ಈ ಕೃತಜ್ಞತೆ ಮೆಲ್ಲಗಿತ್ತು. ಜುನ್ಮೊ ತಿರುಗಿ ನೋಡಿದ. ಮೆಂಗ್ ನಾಲ್ಕು ಹೆಜ್ಜೆ ದೂರದಲ್ಲಿ ಎಲೆಕೋಸಿನ ಉಪ್ಪಿನಕಾಯಿ ಬಡಿಸಿಕೊಳ್ಳುತ್ತಿದ್ದ. ಕೇಳಿಸಿರಲಾರದು.

ಊಟ ಮಾಡುವಾಗ ಮೆಂಗ್ ತಾನು ಆ ತರಬೇತಿಗೆ ಸೇರುತ್ತೇನೆಂದ. ಮಗಳು ಓದಿಸುತ್ತಾಳಂತೆ, ಕನ್ನಡಕ ಬದಲಿಸಬೇಕಂತೆ, ಅಷ್ಟೇ.

"ಈ ವಯಸ್ಸಲ್ಲಾ?"

"ಮತ್ತೇನು ಮಾಡ್ಲೋ? ನೀನೂ ಸೇರ್ಕೊ. ನಿನಗೆ ಮೀಸೆ ಇನ್ನೂ ಕಪ್ಪಗಿದೆ. ಇಬ್ರೂ ಒಟ್ಟಿಗೆ ಫೇಲಾಗೋಣ."

ಜುನ್ಮೊ ನಗಲಿಲ್ಲ. ಮೆಂಗ್ ತನ್ನ ತಟ್ಟೆಯ ಅನ್ನವನ್ನು ಚಮಚದಿಂದ ಸಮ ಮಾಡುತ್ತ, ನಿನಗೆ ಮಧ್ಯಾಹ್ನ ಎಲ್ಲಿಗೋ ಹೋಗೋದಿದೆ ಅಂದಿದ್ದೆಯಲ್ಲ, ಬೂಟು ತೊಳ್ಕೊಂಡು ಹೋಗು ಎಂದ. ಹಾಗಾದರೆ ಬೆಳಗಿನಿಂದ ನಾತ ಅವನಿಗೆ ಬಂದಿತ್ತು. ಬಂದೂ ಪಕ್ಕದಲ್ಲೇ ಕೂತಿದ್ದ.

ಹೋಟೆಲಿನ ಶೌಚಾಲಯದಲ್ಲಿ ಒಂದು ಕಾಲಿನ ಮೇಲೆ ನಿಂತು ಬೂಟಿನ ಅಡಿಯನ್ನು ಕಾಗದದಿಂದ ಉಜ್ಜುತ್ತ, ಕನ್ನಡಿಯಲ್ಲಿ ತನ್ನ ಆ ಭಂಗಿಯನ್ನು ನೋಡಿ, ಈಗ ತಾಕ್ ಒಳಗೆ ಬಂದರೆ ಎಂದು ಹೆದರಿದ. ಆಮೇಲೆ, ಬರಲಿ, ಬಂದರೆ ಈ ಬೂಟನ್ನು ಅವನ ಬಾಯಿಗೇ ಇಡುತ್ತೇನೆ ಎಂದುಕೊಂಡ. ಯಾರೂ ಬರಲಿಲ್ಲ. ಚೀಲದಲ್ಲಿ ದೊಡ್ಡಮ್ಮನಿಗೆ ಕೊಡಬೇಕಾದ ಹೊಸ ಸರ್ವರಿನ ದರಪಟ್ಟಿ ಇತ್ತು, ನೀಲಿ ಹೊದಿಕೆ ಹಾಕಿಸಿದ್ದ. ಅದನ್ನು ಇಲ್ಲೇ ಕಸದ ಬುಟ್ಟಿಗೆ ಹಾಕಿ ಅಂಗಡಿಗೆ ಹೋಗಬಹುದು. ಅಂಗಡಿಗೆ ಹೋಗಿ ಏನು ಮಾಡುವುದು? ಆ ಒಂದು ಗಿರಾಕಿ ಹೋದರೆ ಮುಂದಿನ ವರ್ಷಕ್ಕೆ ಅಂಗಡಿಯೇ ಇಲ್ಲ. ಉಳಿದವರೆಲ್ಲ ಮೌಸು ಕೆಟ್ಟಿತು, ಕೇಬಲ್ಲು ತುಂಡಾಯಿತು ಎಂದು ಕರೆಯುವವರು. ಮುರಿದ ಸೇತುವೆಯ ತೊಟ್ಟಿ ಊರಲ್ಲಿ ಇನ್ನೊಂದು ಇರಬಾರದೇ? ತೊಟ್ಟಿಗಳನ್ನು ಮಾಡುವವನು ಸೇತುವೆಗಳನ್ನು ಸಾವಿರಗಟ್ಟಲೆ ಅಚ್ಚು ಹಾಕುತ್ತಾನೆ, ಅದರಲ್ಲಿ ಕೆಲವು ಮುರಿಯುತ್ತವೆ. ಹೀಗೆ ಯೋಚಿಸುತ್ತ ಅವನು ವ್ಯಾನಿನ ಹತ್ತಿರ ಬಂದಿದ್ದ, ಹೀಗೆ ಯೋಚಿಸುತ್ತಲೇ ನದಿ ದಾಟಿದ. ಸೇತುವೆಯ ಮೇಲೆ ವಾಹನಗಳು ನಿಂತು ನಿಂತು ಚಲಿಸುತ್ತಿದ್ದವು, ಪಕ್ಕದ ಬಸ್ಸಿನ ಕಿಟಕಿಯಲ್ಲಿ ಒಬ್ಬ ಹೆಂಗಸು ಅವನ ಪುಟ್ಟ ವ್ಯಾನಿನ ಮೇಲೆ ಬರೆದಿದ್ದ 'ಬಾನ್ ಕಂಪ್ಯೂಟರ್ಸ್, ಮಾರಾಟ ಮತ್ತು ರಿಪೇರಿ' ಎಂಬುದನ್ನು ಓದುತ್ತಿದ್ದಳು, ಓದಿ ಮುಗಿಸಿ ಆಕಳಿಸಿದಳು.

ಪಾಠಶಾಲೆಯ ಮುಂಗೋಣೆಯಲ್ಲಿ ಸೇತುವೆ ಓರೆಯಾಗಿಯೇ ಇತ್ತು. ಅದರ ಕೆಳಗೆ ಒಂದು ಬಿಳಿ ಮೀನು ಚಲಿಸದೆ ನಿಂತಿತ್ತು. ಅವನಿಗೆ ಮೊದಲು ತಿಳಿದದ್ದು ಕಣ್ಣಿನಿಂದಲ್ಲ. ಇಷ್ಟು ವರ್ಷ ಈ ಬಾಗಿಲು ತೆರೆದೊಡನೆ ಬೀರುವಿನೊಳಗಿಂದ ಫ್ಯಾನಿನ ಒಂದು ಗುಂಯ್ ಸದ್ದು ಬರುತ್ತಿತ್ತು; ಎಲ್ಲರೂ ಬಯ್ಯುತ್ತಿದ್ದ ಸದ್ದು, ಅವನಿಗೆ ಮಾತ್ರ ಜ್ವರವಿಲ್ಲದ ಮಗುವಿನ ಉಸಿರಿನ ಹಾಗೆ ಕೇಳುತ್ತಿದ್ದದ್ದು. ಇವತ್ತು ಅದಿರಲಿಲ್ಲ. ತರಗತಿಯೊಳಗೆ ಮೇಷ್ಟರೊಬ್ಬರು ಸೂತ್ರ ಹೇಳಿಕೊಡುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಪಾಠಶಾಲೆಯ ಒಡತಿ ಓಕ್ ಮೇಡಂ ಸಿಬ್ಬಂದಿಯ ಕೋಣೆಯಲ್ಲಿದ್ದರು. ಗಿಡ್ಡ ಕೂದಲಿನ, ದಪ್ಪ ಕನ್ನಡಕದ ಹೆಂಗಸು, ಗಣಿತದವರು, ತಪ್ಪು ಉತ್ತರವನ್ನು ಕೂಡ ಮೊದಲು ಪೂರ್ತಿ ಕೇಳಿ ಆಮೇಲೆ ಅಲ್ಲಗಳೆಯುವವರು. ಜುನ್ಮೊನನ್ನು ಕೂರಿಸಿ, ಯಾವಾಗಿನ ಹಾಗೆ ತಾವೇ ಪುಟ್ಟ ಪೊಟ್ಟಣ ಹರಿದು ಬಿಸಿನೀರಿಗೆ ಹಾಕಿ, ಪೊಟ್ಟಣದ ಕಾಗದದಿಂದಲೇ ಕದಡಿ ಸಿಹಿ ಕಾಫಿ ಕೊಟ್ಟರು. ಇಬ್ಬರು ಮೇಷ್ಟರು, ಒಬ್ಬಳು ಗುಮಾಸ್ತೆ ಅಲ್ಲೇ ಉತ್ತರಪತ್ರಿಕೆ ತಿದ್ದುತ್ತಿದ್ದರು. ಅವರೆದುರಿಗೆ ಚೀಲದಿಂದ ನೀಲಿ ಹೊದಿಕೆಯನ್ನು ತೆಗೆಯಬೇಕೋ ಬೇಡವೋ ತಿಳಿಯದೆ ಅರ್ಧ ತೆಗೆದು ಕೈ ನಿಲ್ಲಿಸಿದ. ಮೇಡಂ ಅದನ್ನು ನೋಡಿದರು. ನಾನೇ ಫೋನು ಮಾಡಿ ಹೇಳಬೇಕಾಗಿತ್ತು, ತಪ್ಪು ನನ್ನದು ಎಂದು ಶುರು ಮಾಡಿ, ಕಂಪನಿಯವರು ಮತ್ತೆ ಮತ್ತೆ ಕರೆ ಮಾಡಿದ್ದನ್ನು, ಬಂದು ತೋರಿಸಿದ್ದನ್ನು, ಉಳಿದ ಶಾಖೆಗಳ ಪಾಲುದಾರರೆಲ್ಲ ಒಪ್ಪಿಬಿಟ್ಟಿದ್ದನ್ನು, ತಾವೊಬ್ಬರೇ ಹಟ ಹಿಡಿಯಲು ಆಗಲಿಲ್ಲವೆಂಬುದನ್ನು ಹೇಳಿದರು. ಹೋದ ವಾರದಿಂದ ಎಲ್ಲ ಕ್ಲೌಡಿನಲ್ಲೇ ಇದೆ. ಚೆನ್ನಾಗಿಯೂ ಇದೆ, ಸುಳ್ಳು ಯಾಕೆ ಹೇಳಲಿ. ಅವನು ಕಾಫಿ ಕುಡಿದ. ಬಾಯಿ ಸುಟ್ಟಿತು. ಒಳ್ಳೇದಾಯ್ತು ಮೇಡಂ ಎಂದ. ಅಷ್ಟರಲ್ಲಿ ಎಲ್ಲ ಮುಗಿದಿತ್ತು, ಎದ್ದು ಹೋಗಿದ್ದರೆ ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಮೇಡಂ ದನಿ ತಗ್ಗಿಸಿ, ನಿಮ್ಮನ್ನ ಒಂದು ಸಹಾಯ ಕೇಳಬಹುದಾ, ಆ ಹಳೇ ಸರ್ವರ್ ಬೀರುವಲ್ಲೇ ಇದೆ, ಒಳಗಿದ್ದದ್ದನ್ನೆಲ್ಲ ಅಳಿಸಿದ್ದಾರೆ, ನಿಮಗೆ ಉಪಯೋಗ ಇದ್ದರೆ ತಗೊಂಡು ಹೋಗಿ, ಇಲ್ಲಿ ಯಾರಿಗೂ ಅದನ್ನ ಎತ್ತೋಕೆ ಬರಲ್ಲ ಎಂದರು.

ಬೀರು ತೆರೆದ. ಸರ್ವರ್ ತಣ್ಣಗಿತ್ತು. ಅದರ ಹಣೆಯ ಮೇಲೆ ಅವನೇ ಅಂಟಿಸಿದ್ದ ಚೀಟಿ, ಅಂಚು ಸುರುಳಿಗಟ್ಟಿದ್ದು: ಏನೇ ತೊಂದರೆ ಆದರೂ ಯಾವ ಹೊತ್ತಿನಲ್ಲಾದರೂ ಈ ನಂಬರಿಗೆ ಕರೆ ಮಾಡಿ. ಕೆಳಗೆ ಅವನ ನಂಬರು. ಅವನು ಮಂಡಿಯೂರಿ ಒಂದೊಂದೇ ತಂತಿ ಬಿಡಿಸಿದ. ಮೇಡಂ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದರು. ಅವರ ಹಿಂದೆ ಮೇಷ್ಟರಿಬ್ಬರೂ ತಿದ್ದುವುದನ್ನು ನಿಲ್ಲಿಸಿ ನೋಡುತ್ತಿದ್ದರು.

"ಒಂದು ವಿಷಯ ಮನಸ್ಸಲ್ಲಿ ಕೊರೀತಾ ಇದೆ ಯಜಮಾನ್ರೇ," ಎಂದರು ಮೇಡಂ. "ಅವರು ಫೋನು ಮಾಡಿದಾಗ ಅವರಿಗೆ ಎಲ್ಲಾ ಗೊತ್ತಿತ್ತು. ನನ್ನ ಸ್ವಂತ ನಂಬರು. ಎಷ್ಟು ಶಾಖೆ, ಎಷ್ಟು ಕಂಪ್ಯೂಟರು. ಈ ಸರ್ವರಿನ ಆಯಸ್ಸು ಯಾವ ತಿಂಗಳಿಗೆ ಮುಗಿಯತ್ತೆ ಅನ್ನೋದು ಸಮೇತ. ಅದು ನನಗೇ ನೆನಪಿರಲಿಲ್ಲ."

ಅವನು ಕೊನೆಯ ತಂತಿಯನ್ನು ಸುತ್ತಿ ಜೇಬಿಗೆ ಹಾಕಿದ.

"ಯಾರು ಹೇಳಿದ್ದು ಅಂತ ಕೇಳಿದೆ. ಹೇಳಲಿಲ್ಲ. ಇಲ್ಲಿರೋರು ನಿಮ್ಮ ಹೆಸರು ತೆಗೆದರು. ನಾನು ಬೈದೆ ಇವರಿಗೆ. ಪೆಟ್ಟಿಗೆ ಮೇಲೆ ನಮ್ಮ ಹೆಸರು ಬರೀಬೇಕಾದ್ರೂ ವ್ಯಾನಿನೊಳಗೆ ಕೂತು ಬರಿಯೋ ಮನುಷ್ಯ, ಅವರು ಹಾಗೆ ಮಾಡಲ್ಲ ಅಂದೆ."

ಮೇಷ್ಟರಲ್ಲೊಬ್ಬ ಮುಜುಗರದಿಂದ ಪೆನ್ನಿನ ಮುಚ್ಚಳ ಹಾಕಿದ, ತೆಗೆದ.

"ನೀವು ಆಸ್ಪತ್ರೇಲಿದ್ದಾಗ ಒಬ್ಬರು ಬಂದಿದ್ದರಲ್ಲ," ಎಂದರು ಮೇಡಂ. "ಮೀನಿಗೆ ಬಿಸ್ಕತ್ತು ಪುಡಿ ಹಾಕಿ ನನ್ನ ಹತ್ರ ಬೈಸ್ಕೊಂಡರು. ಬಾಯಿ ತುಂಬ ಮಾತು. ಎಷ್ಟು ಮಕ್ಕಳಿದ್ದಾರೆ, ಎಷ್ಟು ಕಡೆ ಇದೆ ಅಂತೆಲ್ಲ ಕೇಳಿದ್ದರು, ನಾನೂ ಹೇಳಿಬಿಟ್ಟೆ. ಈಗ ಯೋಚನೆ ಮಾಡಿದ್ರೆ… ಅವರೇ ಅಲ್ವಾ?"

ಜುನ್ಮೊ ಎರಡೂ ತೋಳನ್ನು ಸರ್ವರಿನ ಅಡಿಗೆ ತೂರಿಸಿದ. ಮೆಂಗ್ ಆಸ್ಪತ್ರೆಯಲ್ಲಿ ಬಗ್ಗಿ ಸೇಬಿನ ಚೀಲ ಇಡುವಾಗ ಅವನ ಅಂಗಿಯ ಜೇಬಿನಿಂದ ಬಿಸ್ಕತ್ತಿನ ಪೊಟ್ಟಣ ಇಣುಕುತ್ತಿತ್ತು, ದೊಡ್ಡಮ್ಮನ ಮೀನು ಬಲು ಸೊಕ್ಕಿನವು ಕಣೋ ಎಂದಿದ್ದ, ತಕ್ಷಣ ನಾಲಿಗೆ ಕಚ್ಚಿಕೊಂಡು, ಯಾವ ಮೀನು, ನಾನು ಯಾವ ಮೀನೂ ನೋಡಿಲ್ಲ ಎಂದು ಕೈ ಕೊಡವಿದ್ದ. ಹೇಳಬೇಕಾದದ್ದು ಎರಡೇ ಮಾತು: ಅವರಲ್ಲ, ನಾನು. ಆ ಎರಡು ಮಾತು ಅವನ ಗಂಟಲಿನವರೆಗೆ ಬಂದಿದ್ದವು, ಅವುಗಳ ರುಚಿ ಕೂಡ ಗೊತ್ತಾಗುತ್ತಿತ್ತು, ಸುಟ್ಟ ನಾಲಿಗೆಯ ಮೇಲೆ ತಾಮ್ರದ ಹಾಗೆ. ಬೆಳಿಗ್ಗೆ ಅಷ್ಟು ಜನರ ಮುಂದೆ ಕತ್ತೆ ಎನ್ನಿಸಿಕೊಂಡು ಕೂತದ್ದಾಯಿತು. ಈ ಒಬ್ಬ ಹೆಂಗಸಿನ ಕಣ್ಣಿನಲ್ಲಿ, ಈ ಒಂದು ಕೋಣೆಯಲ್ಲಿ ಮಾತ್ರ, ಅವನು ಇನ್ನೂ ಮನುಷ್ಯ. ಉಸಿರು ಬಿಗಿಹಿಡಿದು ಎತ್ತಿದ. ಭಾರ ಸೊಂಟಕ್ಕೆ ಬಂತು, ಎದೆಗೆ ಬಂತು, ಚೀಟಿಯ ಸುರುಳಿಗಟ್ಟಿದ ಅಂಚು ಗದ್ದಕ್ಕೆ ಚುಚ್ಚಿತು.

"ಯಜಮಾನ್ರೇ, ಅವರೇ ತಾನೆ?"

ಅವನು ಪೆಟ್ಟಿಗೆಯ ಮೇಲಿಂದ ಅವರ ಕಡೆ ಒಮ್ಮೆ ತಲೆಬಾಗಿದ. ಇಲ್ಲಿ ಎಲ್ಲರೂ ಬರುವಾಗಲೂ ಹೋಗುವಾಗಲೂ ತಲೆಬಾಗುತ್ತಾರೆ; ಹೌದು ಎನ್ನುವವರೂ ಹಾಗೇ ಬಾಗುತ್ತಾರೆ. ಬಾಗಿ, ತೊಟ್ಟಿಯನ್ನು ದಾಟಿ, ಹೆಗಲಿನಿಂದ ಬಾಗಿಲು ನೂಕಿಕೊಂಡು ಮೆಟ್ಟಿಲ ಕಡೆ ಹೊರಟ. ಬಾಗಿಲು ತಾನಾಗಿ ಮುಚ್ಚಿಕೊಳ್ಳುವ ಮೊದಲು ಮೇಡಂ ಒಳಗೆ ಮೇಷ್ಟರಿಗೆ ಹೇಳುತ್ತಿದ್ದದ್ದು ಅವನಿಗೆ ಕೇಳಿಸಿತು.

"ನೋಡಿದ್ರಾ? ಜೊತೆಯವನ ಹೆಸರು ಕೆಡಿಸೋಕೂ ಬಾಯಿ ಬರಲಿಲ್ಲ ಅವರಿಗೆ. ಅಂಥ ಮನುಷ್ಯನ ಮೇಲೆ ಅನುಮಾನ ಪಟ್ರಲ್ಲ ನೀವು."

ಕಾಲಿನಿಂದ ಮೆಟ್ಟಿಲ ಅಂಚನ್ನು ತಡವಿ ತಡವಿ, ಅವನು ಇಳಿಯುತ್ತ ಹೋದ.